ಕರಿಕಡ್ಡಿಯ ಹನ್ನೊಂದು ಕಾಯಿ

ಮೊದಲೇ ಹೇಳಿಬಿಡುತ್ತೇನೆ, ನಾನು ಗಿಡಗಳ ಜೊತೆ ಮಾತಾಡುವ ಪೈಕಿ ಅಲ್ಲ. ಮೂವತ್ತನಾಲ್ಕು ವರ್ಷ ಜಯನಗರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದೆ. ಇದ್ದಬದ್ದ ಪ್ರೀತಿಯೆಲ್ಲ ಉತ್ತರಪತ್ರಿಕೆ ತಿದ್ದುವುದರಲ್ಲೇ ಸವೆದುಹೋಯಿತು. ಈಗ ಎಪ್ಪತ್ತು ತುಂಬಿದೆ. ಉಳಿದಿರುವುದು ಎರಡು ಕೆಟ್ಟ ಮಂಡಿ ಮತ್ತು ಒಂದೇ ಒಂದು ಗಿಡದ ಮೇಲಿನ ಹಟ.

ಗಿಡದ ಹೆಸರು ಕರಿಕಡ್ಡಿ. ಪುಸ್ತಕಗಳಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ಭೀಮಪ್ಪ ಹೇಳಿದ ಹೆಸರು. ಭೀಮಪ್ಪ ಉತ್ತರ ಕರ್ನಾಟಕದ ಒಂದು ಒಣ ಗುಡ್ಡಸಾಲಿನ ಬುಡದ ಊರಿನಲ್ಲಿ ಕುರಿ ಕಾಯುತ್ತಿದ್ದವನು. ವರ್ಷಕ್ಕೊಮ್ಮೆ ಬಿ.ಎಸ್‌ಸಿ. ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದಾಗ ದಾರಿ ತೋರಿಸುತ್ತಿದ್ದವನು ಅವನೇ. ಕರಿಕಡ್ಡಿ ಅಂದರೆ ಸೊಂಟದೆತ್ತರದ ಪೊದೆ, ಸುಟ್ಟಂತೆ ಕಾಣುವ ಕಡ್ಡಿಗಳು. ಎಲೆ ಹುಣಸೆ ಎಲೆಯಷ್ಟೇ ಚಿಕ್ಕದು, ಆದರೆ ದಪ್ಪ. ಅಂಚು ಒಳಕ್ಕೆ ಸುರುಳಿಯಾಗಿರುತ್ತದೆ, ಅಡಿಯಲ್ಲಿ ಬಿಳಿಯ ನವಿರು ಕೂದಲು. ಒಳಗಿನ ನೀರು ಆರಿಹೋಗದಂತೆ ಗಿಡ ಮಾಡಿಕೊಂಡ ಏರ್ಪಾಡು ಅದು. ಮಳೆ ನಿಂತು ಎರಡು ತಿಂಗಳಾದರೆ ಎಲೆಯನ್ನೆಲ್ಲ ಉದುರಿಸಿ ಸತ್ತಂತೆ ನಿಲ್ಲುತ್ತದೆ. ಸಂಕ್ರಾಂತಿ ಕಳೆದು ನೆಲದಲ್ಲಿ ತೊಟ್ಟು ತೇವವೂ ಇಲ್ಲದ ಹೊತ್ತಿನಲ್ಲಿ, ಆ ಬರಿಗಡ್ಡಿಯ ಮೇಲೆ ಉಗುರಿನಷ್ಟು ಬಿಳಿ ಹೂ. ಮಧ್ಯಾಹ್ನಕ್ಕೆ ಬೆಣ್ಣೆಯ ಬಣ್ಣಕ್ಕೆ ತಿರುಗಿ ಸಂಜೆಗೆ ಉದುರುತ್ತದೆ. ಬೇರೆ ಯಾವ ಬೆಟ್ಟದಲ್ಲೂ ನಾನು ಅದನ್ನು ಕಂಡಿಲ್ಲ, ಕಂಡೆ ಅಂದವರನ್ನೂ ಕಂಡಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಪೊದೆಯಿಂದ ಐದಾರು ಕಡ್ಡಿ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ರೈಲಿನಲ್ಲಿ ತಂದು ನೆಟ್ಟೆ. ಎರಡು ಚಿಗುರಿದವು. ಆಮೇಲೆ ಆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸಾಗಿಸಲು ಅಗಲ ರಸ್ತೆ ಕಡಿದರು. ಮರುವರ್ಷದ ಬೇಸಿಗೆಯಲ್ಲಿ ಬೆಂಕಿ ಬಿತ್ತು. ಸುದ್ದಿ ಕೇಳಿ ಹೋದೆ. ಭೀಮಪ್ಪನ ಜೊತೆ ಎರಡು ದಿನ ನಡೆದೆ. ಒಂದು ಪೊದೆಯೂ ಕಾಣಲಿಲ್ಲ. ಅವನು ಒಂದು ಬಂಡೆಯ ಮೇಲೆ ಕೂತು, "ಹೋತ್ ಬಿಡ್ರಿ ಸರ, ಇನ್ನ ನಿಮ್ಮನ್ಯಾಗಿಂದ ಅಷ್ಟ ಉಳೀತು" ಅಂದ. ಆ ಮಾತು ನನ್ನ ಹೆಗಲೇರಿತು, ಇಳಿಯಲೇ ಇಲ್ಲ.

ಗಿಡ ಉಳಿಯಬೇಕಾದರೆ ಬೀಜ ಬೇಕು. ಬೀಜವೇ ಆಗಲಿಲ್ಲ. ಹೂ ಬಿಡುತ್ತಿತ್ತು, ಜೇನು ಬರುತ್ತಿತ್ತು, ಹೂ ಉದುರುತ್ತಿತ್ತು, ಕಾಯಿ ಮಾತ್ರ ಇಲ್ಲ. ಮಣ್ಣು ಬದಲಿಸಿದೆ, ನೀರು ಕಮ್ಮಿ ಮಾಡಿದೆ, ತಾರಸಿಯ ಮೂಲೆ ಮೂಲೆಗೂ ಕುಂಡ ಎಳೆದಾಡಿ ಸೊಂಟ ಹಿಡಿಸಿಕೊಂಡೆ. ನನ್ನೊಬ್ಬನ ಕೈಗುಣ ಸರಿಯಿಲ್ಲವೇನೋ ಎಂದು ಕಡ್ಡಿ ಕತ್ತರಿಸಿ ಹನುಮಂತನಗರದ ಚನ್ನಬಸವಯ್ಯನವರಿಗೆ, ಸಿದ್ದಾಪುರದ ನರ್ಸರಿ ಮುನಿಯಣ್ಣನಿಗೆ, ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಒಬ್ಬ ಹಳೆಯ ಸಹೋದ್ಯೋಗಿಗೆ, ಹೀಗೆ ಹನ್ನೆರಡು ಮಂದಿಗೆ ಕೊಟ್ಟೆ. ಎಲ್ಲರ ಮನೆಯಲ್ಲೂ ಹೂ ಬಿಟ್ಟಿತು, ಯಾರ ಮನೆಯಲ್ಲೂ ಕಾಯಿ ಕಚ್ಚಲಿಲ್ಲ.

ಎಂಟನೆಯ ವರ್ಷ, ಒಂದು ಬೆಳಿಗ್ಗೆ ತಾರಸಿಯಲ್ಲಿ ಹಲ್ಲುಜ್ಜುತ್ತಾ ನಿಂತಾಗ ತಲೆಗೆ ಹೊಳೆಯಿತು. ಕೆಲವು ಗಿಡಗಳಲ್ಲಿ ಎರಡು ಬಗೆ ಇರುತ್ತವೆ. ಒಂದು ಬಗೆಯ ಹೂವಿನಲ್ಲಿ ಹೆಣ್ಣುಭಾಗ ಉದ್ದವಾಗಿ ಹೊರಗೆ ಇಣುಕುತ್ತದೆ, ಪರಾಗದ ಚೀಲಗಳು ಒಳಗೆ ಗಿಡ್ಡಕ್ಕೆ ಇರುತ್ತವೆ. ಇನ್ನೊಂದು ಬಗೆಯಲ್ಲಿ ಅದರ ತಿರುವುಮುರುವು. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ಬಿದ್ದರೆ ಮಾತ್ರ ಬೀಜ. ತನ್ನದು ತನಗೆ ಆಗುವುದಿಲ್ಲ, ತನ್ನ ಬಗೆಯದ್ದೂ ಆಗುವುದಿಲ್ಲ. ಇದನ್ನು ನಾನೇ ವರ್ಷವರ್ಷವೂ ಪಾಠ ಮಾಡಿದ್ದೆ, ಐದು ಅಂಕದ ಪ್ರಶ್ನೆ ಕೇಳಿದ್ದೆ, ಬರೆಯದವರನ್ನು ನಿಲ್ಲಿಸಿ ಬೈದಿದ್ದೆ. ನನ್ನ ತಾರಸಿಯಿಂದ ಪುಟ್ಟೇನಹಳ್ಳಿಯ ತನಕ ಇದ್ದದ್ದೆಲ್ಲ ಒಂದೇ ಪೊದೆಯ ಕಡ್ಡಿ, ಎಲ್ಲವೂ ಉದ್ದದ ಬಗೆ. ಹದಿಮೂರು ಮನೆಯಲ್ಲಿ ಇದ್ದದ್ದು ಒಂದೇ ಗಿಡ.

ನನ್ನ ಹೆಂಡತಿ ವಿಮಲಾಗೆ ಇದನ್ನು ವಿವರಿಸಿದಾಗ ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಗಂಡು ನೋಡ್ದೇ ಹದಿಮೂರು ಕಡೆ ಚಪ್ಪರ ಹಾಕ್ಸಿದೀರಿ ಕಣ್ರೀ" ಅಂದಳು.

ಅಲ್ಲಿಗೆ ನಾನು ಸುಮ್ಮನಾದೆ. ಗುಡ್ಡದಲ್ಲಿ ಗಿಡವೇ ಇಲ್ಲದ ಮೇಲೆ ಇನ್ನೊಂದು ಬಗೆಯನ್ನು ಎಲ್ಲಿಂದ ತರುವುದು? ಆದರೂ ಪ್ರತಿ ಜನವರಿಯಲ್ಲಿ ಪರಾಗವನ್ನು ಒರೆಸಿ ಒಂದು ಹೋಮಿಯೋಪತಿ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ವಿಮಲಾ ಅದನ್ನು ಕೊತ್ತಂಬರಿಯ ಪಕ್ಕದಿಂದ ಎತ್ತಿ ಮೇಲಿಡುತ್ತಿದ್ದಳು, ಬೈಯುತ್ತಿರಲಿಲ್ಲ. ಹಾಗೆ ಇಡುವುದು ಆಸೆಯಿಂದ ಅಲ್ಲ, ಅಭ್ಯಾಸದಿಂದ.

ಈ ವರ್ಷ ಫೆಬ್ರವರಿಯಲ್ಲಿ ದಾನಮ್ಮ ಬಂದಳು. ಭೀಮಪ್ಪನ ದೊಡ್ಡ ಮಗಳು. ಭೀಮಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ದಾನಮ್ಮ ಆರು ವರ್ಷದಿಂದ ಬಿಟಿಎಂ ಲೇಔಟಿನಲ್ಲಿ ತಂಗಿ ಮಧುಮತಿ, ತಂಗಿಯ ಗಂಡ ನಿಂಗರಾಜನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಹುಡುಗಿಯರ ಒಂದು ಪಿಜಿಯಲ್ಲಿ ಅಡುಗೆಯ ಉಸ್ತುವಾರಿ ಅವಳದೇ. ನಮ್ಮ ಮನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಆರು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ, ವಿಳಾಸವನ್ನೂ ಕೇಳಿರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಅವಳೇ ಬಂದಿದ್ದಳು. ಹಪ್ಪಳ ಒಣಗಿಸಲು ಹೊರಟ ವಿಮಲಾಳ ಜೊತೆ ತಾರಸಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಸರ, ಇದು ನಮ್ಮ ಕರಿಕಡ್ಡಿ ಅಲ್ಲೇನ್ರಿ? ನಮ್ಮನ್ಯಾಗೂ ಒಂದು ಐತ್ರಿ."

ನಾನು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. "ಯಾರು ಕೊಟ್ಟಿದ್ದು? ನಾನು ಕೊಟ್ಟ ಕಡ್ಡಿಯಿಂದಾನಾ?"

"ಇಲ್ರಿ. ಬೆಂಕಿ ಬಿದ್ದ ಮ್ಯಾಲ ಗುಡ್ಡದ ಆ ಕಡೆ ಬಾಜೂಕ ಒಂದು ಸಸಿ ಎದ್ದಿತ್ರಿ. ನಾವು ಬೆಂಗಳೂರಿಗೆ ಬರೋ ಮುಂದ ನಮ್ಮಪ್ಪ ಅದನ್ನ ಕಿತ್ತು ಕೊಟ್ಟಿದ್ದ. ಮನ್ಯಾಗ ಇರ್ಲಿ ಅಂದ. ಪೇಂಟಿನ ಡಬ್ಬ್ಯಾಗ ಹಚ್ಚೀವಿ."

ಮಗಳನ್ನು ಊರು ಬಿಡಿಸುವಾಗ ಕುರಿ ಕಾಯುವವನೊಬ್ಬ ಕಾಡುಗಿಡ ಯಾಕೆ ಕೊಟ್ಟ ಎಂದು ನಾನು ಕೇಳಲಿಲ್ಲ. ಊರಿನ ನೆನಪಿಗೆ ಇರಬೇಕು ಅಂದುಕೊಂಡೆ. ನಾನು ಕೇಳಿದ್ದು ಹೂ ಬಿಟ್ಟಿದೆಯಾ ಎಂದು. ಮೊಗ್ಗಾಗಿದೆ, ಬಾಲ್ಕನಿಗೆ ಬಿಸಿಲು ಕಮ್ಮಿ, ಯಾವಾಗಲೂ ತಡ ಅಂದಳು.

ಮರುದಿನವೇ ಫ್ರಿಜ್ಜಿನ ಸೀಸೆ, ಸಣ್ಣ ಬ್ರಷ್ಷು, ಭೂತಗನ್ನಡಿ ಹಿಡಿದು ಹೋದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಬಾಲ್ಕನಿ ಅಂದರೆ ವಾಷಿಂಗ್ ಮಷೀನು, ಗ್ಯಾಸ್ ಸಿಲಿಂಡರು, ಅವುಗಳ ನಡುವೆ ಇಪ್ಪತ್ತು ಲೀಟರಿನ ಪೇಂಟ್ ಡಬ್ಬದಲ್ಲಿ ಮೂರು ಟೊಂಗೆಯ ಕರಿಕಡ್ಡಿ. ಎಂಟೊಂಬತ್ತು ಹೂ ಅರಳಿದ್ದವು, ಇನ್ನಷ್ಟು ಮೊಗ್ಗಿದ್ದವು. ಬಾಗಿಲಲ್ಲಿ ನಿಂತಿದ್ದ ಮಧುಮತಿಯ ನೆರಳು ಗಿಡದ ಮೇಲೆ ಬೀಳುತ್ತಿತ್ತು. ಅವಳಿಗೆ ಏಳು ತಿಂಗಳಿರಬೇಕು, ಕೈ ಸೊಂಟಕ್ಕೆ ಆನಿಸಿಕೊಂಡಿದ್ದಳು. "ಸ್ವಲ್ಪ ಸರ್ಕೋಮ್ಮ, ಬೆಳಕು ಬೇಕು" ಅಂದೆ. ಅವಳ ಬಸಿರಿಗೆ ಸಂಬಂಧಿಸಿ ನಾನು ಆಡಿದ ಮಾತು ಅದೊಂದೇ.

ಭೂತಗನ್ನಡಿಯಲ್ಲಿ ನೋಡಿದೆ. ಪರಾಗದ ಚೀಲಗಳು ಹೂವಿನ ಬಾಯಲ್ಲೇ ಇದ್ದವು. ಹೆಣ್ಣುಭಾಗ ಒಳಗೆ, ಗಿಡ್ಡಕ್ಕೆ. ಇನ್ನೊಂದು ಬಗೆ.

ನನಗೆ ಅಳು ಬಂತು. ನಾಚಿಕೆಯೇನಿಲ್ಲ, ಬಂತು. ದಾನಮ್ಮ ಗಾಬರಿಯಾಗಿ ನೀರು ತಂದುಕೊಟ್ಟಳು. ನಮ್ಮ ಗಿಡದ ಹೂವೆಲ್ಲ ಜನವರಿಯಲ್ಲೇ ಮುಗಿದಿದ್ದರಿಂದ ಬೀಜವಾದರೆ ಇಲ್ಲೇ ಆಗಬೇಕಿತ್ತು. ನಾಲ್ಕು ದಿನ ಬೆಳಿಗ್ಗೆ ಹೋಗಿ, ಸೀಸೆಯ ಪರಾಗವನ್ನು ಬ್ರಷ್ಷಿನ ತುದಿಯಿಂದ ಒಂದೊಂದು ಹೂವಿನ ಒಳಕ್ಕೂ ಮುಟ್ಟಿಸಿದೆ. ದಾನಮ್ಮ ನಾನೂ ಮಾಡಲಾ ಎಂದು ಕೇಳಿದಳು. ಬೇಡ, ಮುಟ್ಟಬೇಡ ಅಂದೆ. ಎರಡು ವಾರದಲ್ಲಿ ಮೆಣಸಿನ ಕಾಳಿನಷ್ಟು ಹಸಿರು ಕಾಯಿಗಳು ಕಚ್ಚಿದವು. ಎಣಿಸಿದೆ, ಹನ್ನೊಂದು. ಐವತ್ತು ದಿನ ಆಗಬೇಕು, ಕಾಯಿ ಕಪ್ಪಾಗಿ ಗಿಡದ ಮೇಲೇ ಒಣಗಬೇಕು, ಅಲ್ಲಿಯ ತನಕ ಯಾರೂ ಮುಟ್ಟಕೂಡದು, ಏನಿದ್ದರೂ ನನ್ನನ್ನು ಕೇಳಿ ಎಂದು ಕಟ್ಟಪ್ಪಣೆ ಮಾಡಿದೆ. "ಆತ್ರಿ ಸರ" ಅಂದಳು.

ಅಂದ ಹಾಗೇ ಕೇಳಿದಳು. ದಿನಾ ಕೇಳಿದಳು. ಪಾರಿವಾಳ ಬಂದು ಕೂತಿತ್ತು ಸರ. ಒಂದು ಟೊಂಗಿ ತುದಿ ಒಣಗೇತಿ ಸರ. ಇರುವೆ ಅದಾವ, ಅರಿಶಿಣ ಹಾಕಲೇನ್ರಿ? ಮೊದಮೊದಲು ನಾನೇ ಕಾದು ಕೂತು ಫೋನ್ ಎತ್ತುತ್ತಿದ್ದೆ. ನಾಲ್ಕು ವಾರ ಕಳೆಯುವ ಹೊತ್ತಿಗೆ ಸಾಕಾಯಿತು. ಹನ್ನೊಂದು ವರ್ಷ ಕಾದವನಿಗೆ ಕೊನೆಯ ಇಪ್ಪತ್ತು ದಿನ ಹೊರಲಾರದಷ್ಟು ಭಾರವಾಗಿತ್ತು. ಏಳುವಾಗಲೇ ಆಯಾಸ, ಉಂಡರೆ ಆಯಾಸ. ಡಾಕ್ಟರು ರಕ್ತ ನೋಡಿ ಎಲ್ಲ ಸರಿಯಿದೆ ಅಂದರು.

ಮೂವತ್ಮೂರನೆಯ ದಿನ. ಹಿಂದಿನ ದಿನ ಹನುಮಂತನಗರದ ಒಂದು ಛತ್ರದಲ್ಲಿ ನೆಂಟರ ಮಗನ ಮುಂಜಿ. ಊಟದ ಹಾಲ್ ಎರಡನೆಯ ಮಹಡಿಯಲ್ಲಿ, ಹತ್ತಿ ಇಳಿದು ಮಂಡಿ ಊದಿತ್ತು. ನಾಲ್ಕೈದು ದಿನದಿಂದ ದಾನಮ್ಮನ ಫೋನ್ ಬಂದಿರಲಿಲ್ಲ, ಯಾಕೆ ಎಂದು ನಾನೂ ಕೇಳಿರಲಿಲ್ಲ. ಬೆಳಿಗ್ಗೆ ಎಂಟೂಕಾಲಿಗೆ ಫೋನ್ ಬಡಿದುಕೊಂಡಿತು. 'ದಾನಮ್ಮ ಬಿಟಿಎಂ'. ಇರುವೆಯೋ ಪಾರಿವಾಳವೋ, ಆಮೇಲೆ ನೋಡೋಣ ಅಂದುಕೊಂಡು ಮಗುಚಿಟ್ಟೆ. ಹತ್ತಕ್ಕೆ ಮತ್ತೆ ಬಂತು. ಒಂದು ಗಂಟೆಗೆ ಬಂತು, ಆಗ ಊಟಕ್ಕೆ ಕೂತಿದ್ದೆ. ವಿಮಲಾ, "ಎತ್ತಬಾರ್ದೇನ್ರೀ ಪಾಪ" ಅಂದಳು. "ಎತ್ತಿದ್ರೆ ಅರ್ಧ ಗಂಟೆ. ಮಲಗೆದ್ದು ಮಾಡ್ತೀನಿ" ಅಂದೆ. ಐದೂಕಾಲಿಗೆ ನಾಲ್ಕನೆಯ ಸಲ ಬಂದಾಗ ನಾನು ಎಚ್ಚರವಾಗಿಯೇ ಇದ್ದೆ. ಫ್ಯಾನು ನೋಡುತ್ತಾ ಮಲಗಿದ್ದೆ. ಅದು ಬಡಿದುಕೊಂಡು ನಿಲ್ಲುವ ತನಕ ಕೇಳಿದೆ.

ಏಳೂವರೆಗೆ ನಾನೇ ಫೋನ್ ಮಾಡಿದೆ. ಈ ಸಲ ಅವಳು ಎತ್ತಲಿಲ್ಲ. ಎಂಟಕ್ಕೆ ನಿಂಗರಾಜ ಎತ್ತಿದ. ಅವನು ಕ್ಯಾಬ್ ಓಡಿಸುತ್ತಾನೆ, ಆಗಷ್ಟೇ ಡ್ಯೂಟಿ ಮುಗಿಸಿ ಮನೆಗೆ ಬಂದಿದ್ದ. "ಸರ, ಮಧುಮತಿಗೆ ಹೆರಿಗಿ ಆತ್ರಿ. ಹೆಣ್ಮಗು. ಇವತ್ತಿಗೆ ಐದು ದಿನ. ಅಕ್ಕ ಬಾಣಂತಿಗೆ ಹೊಗಿ ಹಾಕಾಕತ್ತಾಳ, ನಾಳೆ ಮಾತಾಡ್ತಾಳಂತ."

ಏನು ಹೊಗೆ ಎಂದು ಕೇಳಿದೆ.

"ಅದ ರೀ, ಕರಿಕಡ್ಡೀದು."

ರಾತ್ರಿಯೆಲ್ಲ ಏನೇನು ಬೈಯಬೇಕು ಎಂದು ಸಾಲಾಗಿ ಜೋಡಿಸಿಕೊಂಡೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಮೂರು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿದೆ. ಮನೆಯ ತುಂಬ ಒಣ, ಖಾರದ ಹೊಗೆ ವಾಸನೆ ಇತ್ತು. ನೇರ ಬಾಲ್ಕನಿಗೆ ನಡೆದೆ. ಪೇಂಟ್ ಡಬ್ಬದಲ್ಲಿ ಗೇಣುದ್ದದ ಕೂಳೆ ಇತ್ತು, ಮೂರು ಟೊಂಗೆಯೂ ಇರಲಿಲ್ಲ.

"ಏನಮ್ಮ ಇದು, ಏನ್ ಮಾಡಿದ್ದು ನೀನು? ಇನ್ನು ಹದಿನೇಳು ದಿನ ಅಲ್ವಾ ಇದ್ದಿದ್ದು?" ನನ್ನ ಗಂಟಲಿನ ಸದ್ದಿಗೆ ಒಳಗೆ ಮಗು ಬೆಚ್ಚಿ ಅತ್ತಿತು.

ದಾನಮ್ಮ ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬ ತಂದು ನನ್ನ ಮುಂದೆ ಕೂತು, ಒಳಗೆ ಕೈ ಹಾಕಿ ಒಂದು ಬಿಳಿ ಬಟ್ಟೆಯ ಗಂಟು ತೆಗೆದಳು. ಬಿಚ್ಚಿದಳು. ಹನ್ನೊಂದು ಕಾಯಿ, ಹಸಿರು ಹಸಿರಾಗಿಯೇ ಇದ್ದವು.

"ಒಂದೂ ಸುಟ್ಟಿಲ್ರಿ ಸರ. ಎಲ್ಲಾ ಬಿಡಿಸಿ ತಗದ ಟೊಂಗಿ ಕಡದೀನಿ. ಮಾವಿನಕಾಯಿ ಅಕ್ಕ್ಯಾಗ ಇಟ್ರ ಹಣ್ಣ ಆಗ್ತೈತಲ್ರಿ, ಹಂಗ ಇವೂ ಆಗ್ತಾವ ಅಂತ ಇಟ್ಟೀನಿ. ಆಗ್ತಾವಲ್ರಿ?"

ಜೇಬಿನಲ್ಲಿದ್ದ ಬ್ಲೇಡಿನಿಂದ ಒಂದು ಕಾಯಿಯನ್ನು ಸೀಳಿದೆ. ಒಳಗೆ ಬೀಜವಿರಬೇಕಾದ ಕಡೆ ನೀರುಹಾಲಿನಂಥ ರಸವಿತ್ತು. ಮಾವಿಗೆ ತಿರುಳಿದೆ, ಕಿತ್ತ ಮೇಲೂ ಹಣ್ಣಾಗುತ್ತದೆ. ಇದು ಒಣಕಾಯಿ, ಒಳಗಿನ ಬೀಜ ಗಟ್ಟಿಯಾಗಲು ಕೊನೆಯ ದಿನದ ತನಕ ಗಿಡವೇ ಉಣಿಸಬೇಕು.

"ಇಲ್ಲಮ್ಮ, ಆಗಲ್ಲ" ಅಂದೆ.

ಅವಳು ಸೀಳಿದ ಕಾಯಿಯನ್ನು ತೆಗೆದುಕೊಂಡು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಅವರ ಊರಿನಲ್ಲಿ ಕರಿಕಡ್ಡಿಯ ಹೊಗೆ ಇಲ್ಲದೆ ಯಾವ ಬಾಣಂತಿಯೂ ಎದ್ದಿಲ್ಲ. ಐದನೆಯ ದಿನ ಸಂಜೆ ಶುರುಮಾಡಿ ಐದು ದಿನ ತಾಯಿಗೂ ಮಗುವಿಗೂ ಹಾಕಬೇಕು. ಬೆಂಗಳೂರಿನಲ್ಲಿ ಸಿಗುವುದಿಲ್ಲ ಎಂದೇ ಅಪ್ಪ ಸಸಿ ಕೊಟ್ಟು ಕಳಿಸಿದ್ದ. ತಾಯಿಯಿಲ್ಲದ ಹೆಣ್ಣುಮಕ್ಕಳು, ಹೆರಿಗೆಗೆ ಬೇಕಾಗುತ್ತದೆ ಎಂದು. ಅವಳು ಲೆಕ್ಕ ಹಾಕಿಯೇ ನನಗೆ ಒಪ್ಪಿಕೊಂಡಿದ್ದಳು. ನನ್ನ ಕಾಯಿ ಏಪ್ರಿಲ್ ಮಧ್ಯಕ್ಕೆ ಒಣಗುತ್ತದೆ, ತಂಗಿಯ ಹೆರಿಗೆ ತಿಂಗಳ ಕೊನೆಗೆ. ಎರಡೂ ಆಗುತ್ತಿತ್ತು. ಮಗು ತಿಂಗಳು ಮೊದಲೇ ಬಂತು, ಎರಡು ಕೇಜಿಯೂ ಇರಲಿಲ್ಲ.

"ಅದಕ್ಕ ನಿಮಗ ಫೋನ್ ಹಚ್ಚಿದ್ದೆ ಸರ. ನಾಲ್ಕು ಸಲ ಹಚ್ಚಿದೆ."

"ಕಡೀಲಾ ಅಂತ ಕೇಳೋಕಾ?"

"ಅಲ್ರಿ. ಇದನ್ಯಾಕ ಕಡೀಲಿ, ಕಾಯಿ ಅದಾವಲ್ಲ. ನಿಮ್ಮ ಗಿಡದಾಗಿಂದ ಎರಡು ಟೊಂಗಿ ಕೊಡ್ರಿ ಅಂತ ಕೇಳಾಕ. ನಿಮ್ಮದು ಹೆಂಗೂ ಕಾಯಿ ಬಿಡಂಗಿಲ್ಲಲ್ರಿ. ನಾ ಬರೋಣಂದ್ರ ಬಾಣಂತಿ ಒಬ್ಬಾಕಿ, ನಿಂಗರಾಜ ಡ್ಯೂಟಿಗೆ ಹೋಗಿದ್ದ. ದೀಪ ಹಚ್ಚೋತನಕ ಕಾದೆ. ನಿಮಗ ಆರಾಮಿಲ್ಲೇನೋ ಅಂತ ತಿಳಕೊಂಡು ಕಡೆಗೆ ಇದನ್ನ ಕಡದೆ."

ನಮ್ಮ ತಾರಸಿಯಲ್ಲಿ ಎದೆಯುದ್ದ ಬೆಳೆದ ಎರಡು ಪೊದೆ ಇವೆ. ಎರಡು ಟೊಂಗೆಯಲ್ಲ, ಇಪ್ಪತ್ತು ಕಡಿದರೂ ಗೊತ್ತಾಗುವುದಿಲ್ಲ. ಆಟೋದಲ್ಲಿ ಕಳಿಸಿದ್ದರೆ ಅರ್ಧ ಗಂಟೆಯ ಕೆಲಸ. ಹನುಮಂತನಗರ, ಸಿದ್ದಾಪುರ, ಪುಟ್ಟೇನಹಳ್ಳಿ, ಎಲ್ಲಿಂದ ಬೇಕಾದರೂ ತರಿಸಬಹುದಿತ್ತು. ಯಾವುದಕ್ಕೂ ಬಾರದ ಗಿಡವನ್ನು ಊರಿಗೆಲ್ಲ ಹಂಚಿದ್ದೆ, ಅದು ಬೇಕಾದ ಒಂದೇ ಒಂದು ದಿನ ಫೋನ್ ಎತ್ತಲಿಲ್ಲ.

ಆರಾಮಿರಲಿಲ್ಲ ಎಂದು ಹೇಳಿಬಿಡಬಹುದಿತ್ತು. ಅವಳೇ ಬಾಯಿಗೆ ಕೊಟ್ಟಿದ್ದಳು. ಹೇಳಲಾಗಲಿಲ್ಲ.

"ನಂಗೇನೂ ಆಗಿರ್ಲಿಲ್ಲ ದಾನಮ್ಮ. ನಾಲ್ಕೂ ಸಲ ನೋಡ್ದೆ. ಬೇಜಾರಾಗಿತ್ತು, ಎತ್ತಲಿಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. "ನಮ್ಮಪ್ಪ ನಿಮ್ಮನ್ನ ಭಾಳ ಹೇಳ್ತಿದ್ದ" ಎಂದಷ್ಟೇ ಅಂದು, ಅಳುತ್ತಿದ್ದ ಮಗುವನ್ನು ನೋಡಲು ಒಳಗೆ ಹೋದಳು.

ಕೂಳೆ ಸಾಯುವುದಿಲ್ಲ. ಗುಡ್ಡದಲ್ಲಿ ಕುರಿ ಮೇಯ್ದ ಪೊದೆ ಬುಡದಿಂದ ಮತ್ತೆ ಒಡೆಯುವುದನ್ನು ನಾನು ನೋಡಿದ್ದೇನೆ. ಮಳೆಗಾಲಕ್ಕೆ ಚಿಗುರುತ್ತದೆ. ಆದರೆ ಕರಿಕಡ್ಡಿ ಹೊಸ ಕಡ್ಡಿಯ ಮೇಲೆ ಹೂ ಬಿಡುವುದಿಲ್ಲ, ಕಡ್ಡಿ ಬಲಿತು ಕಪ್ಪಾಗಲು ಮೂರು ವರ್ಷ ಬೇಕು. ಮೂರು ವರ್ಷಕ್ಕೆ ನನಗೆ ಎಪ್ಪತ್ಮೂರು. ಇರುತ್ತೇನೋ ಇಲ್ಲವೋ, ಇದ್ದರೂ ಆ ಮೂರು ಮಹಡಿ ಹತ್ತುತ್ತೇನೋ ಇಲ್ಲವೋ.

ಮುಂದಿನ ಭಾನುವಾರ ನಿಂಗರಾಜನನ್ನು ಕರೆಸಿದೆ. ಎರಡು ಪೊದೆಯಲ್ಲಿ ಚೆನ್ನಾಗಿದ್ದದ್ದನ್ನು ತಾರಸಿಯಿಂದ ಇಳಿಸಿದೆವು. ವಿಮಲಾ ಗೇಟಿನ ತನಕ ಬಂದು, "ನಿಜವಾಗ್ಲೂ ಕೊಡ್ತೀರಾ?" ಎಂದು ಕೇಳಿದಳು. ಹೂಂ ಅಂದೆ. ಒಂದೇ ಬಾಲ್ಕನಿಯಲ್ಲಿ, ಒಂದೇ ಬಿಸಿಲಿನಲ್ಲಿ ಇದ್ದರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಫ್ರಿಜ್ಜು ಬೇಡ, ಸೀಸೆ ಬೇಡ, ಜೇನೇ ಮಾಡಿದರೂ ಮಾಡೀತು. ಇದು ನನಗೆ ಹೊಳೆಯಲು ಒಂದು ಗಿಡ ಹಾಳಾಗಬೇಕಾಯಿತು.

ಕುಂಡವನ್ನು ಕೂಳೆಯ ಪಕ್ಕಕ್ಕೆ ಸರಿಸಿ ನಿಲ್ಲಿಸಿದೆವು. ನಾನು ನೆಲದ ಮೇಲೆ ಕೂತು, ಎದುರು ಮನೆಯವರ ದಾಸವಾಳದ ಹೂವೊಂದನ್ನು ತರಿಸಿ, ಯಾವುದು ಪರಾಗ, ಯಾವುದು ಹೆಣ್ಣುಭಾಗ, ಬ್ರಷ್ಷನ್ನು ಎಷ್ಟು ಹಗುರ ಹಿಡಿಯಬೇಕು ಎಂದು ದಾನಮ್ಮನಿಗೆ ತೋರಿಸಿದೆ. ಎರಡನೆಯ ಸಲಕ್ಕೇ ಅವಳಿಗೆ ಬಂತು. ರೊಟ್ಟಿ ಬಡಿಯುವ ಕೈ, ನನ್ನ ಕೈಯಂತೆ ನಡುಗುವುದಿಲ್ಲ. ಮಧುಮತಿ ಮಗುವನ್ನು ಹೊದಿಸಿಕೊಂಡು ಬಾಗಿಲಲ್ಲೇ ಕೂತು ನೋಡುತ್ತಿದ್ದಳು. ಈ ಸಲ ನಾನು ಮಗುವಿನ ತೂಕ ಕೇಳಿದೆ. ಎರಡು ಕೇಜಿ ದಾಟಿದೆ ಅಂದಳು.

ಹೊರಡುವಾಗ ದಾನಮ್ಮ ಮೆಟ್ಟಿಲ ತನಕ ಬಂದಳು. "ಸರ, ಹೂ ಬಿಟ್ಟಾಗ ಫೋನ್ ಹಚ್ಚಲೇನ್ರಿ?"

"ಹಚ್ಚು" ಅಂದೆ. "ಎತ್ತದೇ ಇದ್ರೆ ಕಾಯ್ಬೇಡ. ನೀನೇ ಮಾಡ್ಬಿಡು."

ನಾನು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.